ಮೂವತ್ತೆರಡು ಅಂಕಿಗಳು

ತೀರ್ಥಹಳ್ಳಿಯ ಮನೆಯಲ್ಲಿ ಇಂದು ಅಮ್ಮನ ಫೋನಿಗೆ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಹಾಕಲು ಕುಳಿತಾಗ, ಹಳೆಯ ಸಿಮ್ ಸ್ಥಗಿತಗೊಂಡ ಹೊತ್ತಿಗೇ ಮಳೆಗೆ ಕರೆಂಟ್ ಹೋಗಿ ವೈಫೈ ಕೂಡ ನಿಂತಿತು.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಇ-ಸಿಮ್‌ನ ಪ್ರೊಫೈಲ್, ಅಂದರೆ ನಮ್ಮ ನಂಬರಿನ ಸಂಪರ್ಕದ ಮಾಹಿತಿ, ಫೋನಿಗೆ ಇಳಿಯುವುದೇ ಇಂಟರ್ನೆಟ್ ಮೂಲಕ. ಪಕ್ಕದ ಮನೆಯ ಅಕ್ಕ ಹಾಟ್‌ಸ್ಪಾಟ್ ಕೊಟ್ಟ ಮೇಲೆ ಅದು ಇಳಿಯಿತಾದರೂ ಸಿಗ್ನಲ್ ಬರಲಿಲ್ಲ.

ಇ-ಸಿಮ್‌ನ ಅರ್ಜಿಯಲ್ಲಿ ಅಂಕಿ ತಪ್ಪಿತೇನೋ ಎಂಬ ಅನುಮಾನ ಬಂದು *#06# ಒತ್ತಿ, ಫೋನಿನ ಇ-ಸಿಮ್ ಚಿಪ್ಪಿನ ಗುರುತು ಸಂಖ್ಯೆಯಾದ 32 ಅಂಕಿಗಳ ಇಐಡಿಯನ್ನು ಅರ್ಜಿಯಲ್ಲಿದ್ದುದರೊಂದಿಗೆ ಹೋಲಿಸಿದೆವು. ನಾನು ಟಾರ್ಚ್ ಹಿಡಿದೆ; ಅಮ್ಮ ಶಾಲೆಯ ಮಗ್ಗಿಯ ರಾಗದಲ್ಲಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದಳು. ಎಷ್ಟೋ ವರ್ಷಗಳ ನಂತರ ಆ ದನಿ ಕೇಳಿದೆ.

ಅಂಕಿಗಳೆಲ್ಲ ಸರಿಯಿದ್ದವು. ಪ್ರೊಫೈಲ್ ಅಳಿಸಿದರೆ ಅದೇ ಕ್ಯೂಆರ್ ಕೋಡ್ ಮತ್ತೆ ನಡೆಯದೇ ಹೋಗಬಹುದೆಂದು ಅದನ್ನು ಮುಟ್ಟದೆ, ಫೋನನ್ನಷ್ಟೇ ಆರಿಸಿ ಮತ್ತೆ ಹಚ್ಚಿದೆ. ಎರಡು ಕಡ್ಡಿ ಸಿಗ್ನಲ್ ಬಂದಿತು. ಅಮ್ಮ ಮೊದಲು ಅಕ್ಕನಿಗೇ ಕರೆ ಮಾಡಿದಳು.