ಘಟ್ಟದ ಕೆಳಗೆ ಉಪ್ಪು, ಘಟ್ಟದ ಮೇಲೆ ಬೂಷ್ಟು: ಟೇಪು-ಸಿಡಿ ಸೆಟ್ಟಿನ ರಿಪೇರಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಟೇಪು-ಸಿಡಿ ಸೆಟ್ಟಿನ ಹಿಂಬದಿ ಬಿಚ್ಚಿದರೆ ಸ್ಪ್ರಿಂಗಿಗೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಟ್ಟದಿಂದ ಇಳಿಸಿದ ಸೆಟ್ಟಿನಲ್ಲಿ ತುಕ್ಕು ಕಡಿಮೆ, ಆದರೆ ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿ ಬೂಷ್ಟು, ಸ್ಪೀಕರಿನ ಕಾಗದಕ್ಕೂ ಬೂಷ್ಟು. ಎರಡಕ್ಕೂ ಮದ್ದು ಬೇರೆ. ಇದನ್ನು ಗಮನಿಸದೆ ಎಲ್ಲದಕ್ಕೂ ಒಂದೇ ಸ್ಪ್ರೇ ಹೊಡೆದರೆ ಇವತ್ತು ಸರಿಯಾದ ಸೆಟ್ಟು ಮುಂದಿನ ಮಳೆಗಾಲಕ್ಕೆ ಮತ್ತೆ ಮೂಕವಾಗುತ್ತದೆ. ನಮ್ಮ ಕಡೆ ‘ಹೋಯ್ತು’ ಅಂತ ಗುಜರಿಗೆ ಹಾಕುವ ಎಷ್ಟೋ ಸೆಟ್ಟುಗಳಲ್ಲಿ ಐಸಿಯೂ (ಬೋರ್ಡಿನ ಮೈಕ್ರೋಚಿಪ್) ಸುಟ್ಟಿರುವುದಿಲ್ಲ, ಲೇಸರೂ ಸತ್ತಿರುವುದಿಲ್ಲ. ಕೆಟ್ಟಿರುವುದು ಸ್ವಿಚ್ಚಿನ ಕಾಂಟ್ಯಾಕ್ಟು ಮತ್ತು ಬೆಲ್ಟು, ಅಷ್ಟೇ.

ಮೊದಲು ಉಪ್ಪಿನ ವಿಷಯ. ಅಡುಗೆ ಉಪ್ಪು ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದಾಗ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ 33 ಶೇಕಡಾ ತೇವ ಸಾಕು. ಹಾಗಾಗಿ ಕಡಲ ಗಾಳಿ ಬಡಿಯುವ ಮನೆಯಲ್ಲಿ ಬೋರ್ಡಿನ ಮೇಲೆ ಒಮ್ಮೆ ಕೂತ ಉಪ್ಪಿನ ಪದರ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ, ಒಳಗೊಳಗೇ ತಾಮ್ರ ತಿನ್ನುತ್ತಿರುತ್ತದೆ. ಇಲ್ಲಿ ಬಹಳ ಜನ ಎಡವುವುದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ. ಅದು ಜಿಡ್ಡು ತೆಗೆಯುತ್ತದೆ, ಉಪ್ಪನ್ನು ಹೆಚ್ಚುಕಡಿಮೆ ಕರಗಿಸುವುದೇ ಇಲ್ಲ. ಉಪ್ಪು ಹೋಗಬೇಕಾದರೆ ನೀರೇ ಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ (ಆಸಿಡ್ ಬೆರೆಸಿದ್ದಲ್ಲ, ಲೇಬಲ್ ಓದಿ ತೆಗೆದುಕೊಳ್ಳಿ), ಹಳೇ ಮೆತ್ತನೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಅದ್ದಿ ಬೋರ್ಡಿನ ಬೆಸುಗೆ ಬದಿಯನ್ನು ಎರಡು ಸಲ ತಿಕ್ಕಿ ಒರೆಸಿ. ಆಮೇಲೆ ಆಲ್ಕೊಹಾಲ್ ಹಚ್ಚಿದರೆ ಅದು ಉಳಿದ ನೀರನ್ನು ಎಳೆದುಕೊಂಡು ಆರುತ್ತದೆ. ನೀರು ಸ್ಪೀಕರಿಗೆ, ಟ್ರಾನ್ಸ್‌ಫಾರ್ಮರಿಗೆ, ಮೋಟರಿಗೆ, ಸಿಡಿಯ ಲೆನ್ಸಿಗೆ ತಾಗಬಾರದು. ಮಳೆಗಾಲದಲ್ಲಿ ಈ ಕೆಲಸ ಮಾಡಿದರೆ ಒಂದು ಇಡೀ ದಿನ ಫ್ಯಾನಿನ ಕೆಳಗೆ ಇಟ್ಟ ಮೇಲೆಯೇ ಕರೆಂಟು ಕೊಡಿ.

ಬಿಚ್ಚುವ ಮುಂಚೆ ಕರೆಂಟಿನ ವಯರು ಕಿತ್ತು, ಸೆಲ್ಲು ತೆಗೆದು, ದೊಡ್ಡ ಫಿಲ್ಟರ್ ಕೆಪಾಸಿಟರ್ (ಕರೆಂಟು ಹಿಡಿದಿಡುವ ಡಬ್ಬಿಯಂಥ ಬಿಡಿಭಾಗ) ಖಾಲಿಯಾಗಲು ಐದು ನಿಮಿಷ ಬಿಡಿ. ಹಿಡಿಕೆಯ ಬುಡದಲ್ಲಿ ಮತ್ತು ಸೆಲ್ಲಿನ ಗೂಡಿನೊಳಗೆ ಒಂದೊಂದು ಸ್ಕ್ರೂ ಅಡಗಿರುತ್ತದೆ. ಅದನ್ನು ನೋಡದೆ ಎಳೆದವರೇ ಪ್ಲಾಸ್ಟಿಕ್ ಬಾಡಿ ಮುರಿಯುವುದು. ಸೆಲ್ಲು ಸೋರಿದ್ದರೆ ಯಾವ ಸೆಲ್ಲು ಅಂತ ನೋಡಿ: ಆಲ್ಕಲೈನ್ ಸೋರಿಕೆ ಕ್ಷಾರ, ಅದಕ್ಕೆ ಲಿಂಬೆರಸ ಅಥವಾ ವಿನೆಗರ್, ಸಾದಾ ಝಿಂಕ್ ಸೆಲ್ಲಿನ ಸೋರಿಕೆ ಆಮ್ಲ, ಅದಕ್ಕೆ ಅಡುಗೆ ಸೋಡಾ ನೀರು. ಎರಡಾದ ಮೇಲೂ ಶುದ್ಧ ನೀರಿನಲ್ಲಿ ಒರೆಸಲೇಬೇಕು.

ಸೆಟ್ಟು ಕರೆಂಟಿನಲ್ಲಿ ಓಡುತ್ತದೆ, ಸೆಲ್ಲಿನಲ್ಲಿ ಓಡುವುದಿಲ್ಲ ಅಂದರೆ ಮೊದಲು ನೋಡಬೇಕಾದ್ದು ವಯರು ಚುಚ್ಚುವ ಸಾಕೆಟ್. ಬಹಳ ಮಾಡೆಲ್ಲುಗಳಲ್ಲಿ ಪ್ಲಗ್ ಹಾಕಿದಾಗ ಸೆಲ್ಲಿನ ದಾರಿ ಕಡಿಯುವ ಪುಟ್ಟ ಸ್ವಿಚ್ಚು ಅದರಲ್ಲೇ ಇದೆ, ಕಿಲುಬು ಹಿಡಿದರೆ ಪ್ಲಗ್ ತೆಗೆದ ಮೇಲೂ ಅದು ಕೂಡುವುದಿಲ್ಲ. ಸೆಲ್ಲಿನಲ್ಲಿ ಓಡಿ ಕರೆಂಟಿನಲ್ಲಿ ಸತ್ತಿದ್ದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಕರೆಂಟು ಒಳಬರುವ ಬದಿಯ ಸುರುಳಿ) ಅಳೆಯಿರಿ. ಘಟ್ಟದ ಕಡೆ ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಮೊದಲು ಬಲಿಯಾಗುವುದು ಅದೇ. ಸ್ಪೀಕರಿನಲ್ಲಿ ಹಮ್ಮಿಂಗ್ ಇದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. 2200 ಮೈಕ್ರೋಫ್ಯಾರಡ್ 16 ವೋಲ್ಟಿನದು ಇದ್ದಲ್ಲಿ ಅಷ್ಟೇ ಮೈಕ್ರೋಫ್ಯಾರಡಿನ 25 ವೋಲ್ಟಿನದು ಹಾಕಿ, ಜಾಗಕ್ಕೆ ಹಿಡಿಸಿದರೆ ಅದೇ ಒಳ್ಳೆಯದು.

ಒಂದು ಬದಿ ಸ್ಪೀಕರ್ ಮಾತಾಡುವುದಿಲ್ಲ, ಅಥವಾ ಟೇಪು ಹಾಕಿದೊಡನೆ ಕೀರಲು ಊಳಿಡುತ್ತದೆ ಅಂದರೆ ಆಂಪ್ಲಿಫೈಯರ್ ಐಸಿ ಬದಲಿಸಲು ಹೋಗಬೇಡಿ. ರೆಕಾರ್ಡ್-ಪ್ಲೇ ಸ್ವಿಚ್ಚು ನೋಡಿ. ಬೋರ್ಡಿನ ಮೇಲೆ ಉದ್ದಕ್ಕೆ ಮಲಗಿರುವ, ರೆಕಾರ್ಡ್ ಗುಂಡಿ ಒತ್ತಿದಾಗ ಜಾರುವ ಬಹುಕಾಲಿನ ಸ್ವಿಚ್ಚು ಅದು. ಅದರ ಸೀಳಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಚಿಮ್ಮು ಬಿಟ್ಟು, ಮೂವತ್ತು ಸಲ ಹಿಂದೆ-ಮುಂದೆ ಆಡಿಸಿ. ಟೇಪು-ರೇಡಿಯೋ-ಸಿಡಿ ಆಯ್ಕೆಯ ಸ್ವಿಚ್ಚಿಗೂ, ಕರಕರ ಅನ್ನುವ ವಾಲ್ಯೂಮಿಗೂ ಅದೇ ಉಪಚಾರ. ಮೋಟರ್ ತಿರುಗದಿದ್ದರೆ ಗುಂಡಿಗಳ ಹಿಂದಿನ ತೆಳು ಎಲೆಯಂಥ ಕಾಂಟ್ಯಾಕ್ಟಿನ ನಡುವೆ ಆಲ್ಕೊಹಾಲಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿ ತೂರಿಸಿ ಎಳೆಯಿರಿ. ಉಪ್ಪುಕಾಗದ (ಸ್ಯಾಂಡ್‌ಪೇಪರ್) ಹಾಕಿ ಉಜ್ಜಿದರೆ ಮೇಲಿನ ಲೇಪ ಹೋಗಿ ಬೇಗ ಕಪ್ಪಾಗುತ್ತದೆ.

ಇನ್ನು ಬೆಲ್ಟು. ಹಳೇ ಬೆಲ್ಟು ಎರಡು ಥರ ಸಾಯುತ್ತದೆ: ಒಂದೋ ಸಡಿಲವಾಗಿ ಜಾರುತ್ತದೆ, ಇಲ್ಲವೇ ಕರಗಿ ಕಪ್ಪು ಡಾಂಬರಿನಂತೆ ಪುಲ್ಲಿಗೆ ಮೆತ್ತಿಕೊಳ್ಳುತ್ತದೆ. ಕರಗಿದ್ದರೆ ಮೋಟರಿನ ಪುಲ್ಲಿ, ಫ್ಲೈವೀಲ್ ಅಂಚು ಎರಡನ್ನೂ ಆಲ್ಕೊಹಾಲಿನಲ್ಲಿ ಒರೆಸಿ ಬರಿ ಲೋಹ ಕಾಣಬೇಕು. ಒಂದು ಚೂರು ಉಳಿದರೂ ಪ್ರತಿ ಸುತ್ತಿಗೆ ಒಮ್ಮೆ ಸ್ವರ ನಡುಗುತ್ತದೆ. ಹೊಸ ಬೆಲ್ಟಿಗೆ ಹಳೆಯದನ್ನು ಅಳತೆಗೆ ಒಯ್ಯಬೇಡಿ, ಅದು ಹಿಗ್ಗಿರುತ್ತದೆ. ಬೆಲ್ಟು ಓಡುವ ದಾರಿಗುಂಟ ದಾರ ಸುತ್ತಿ ಅಳೆದು, ಅದರಲ್ಲಿ 5 ಶೇಕಡಾ ಕಳೆಯಿರಿ. ದಾರ 21 ಸೆಂಟಿಮೀಟರ್ ಬಂದರೆ ಬೆಲ್ಟಿನ ಸುತ್ತಳತೆ 20 ಸೆಂಟಿಮೀಟರ್. ಅಂಗಡಿಯಲ್ಲಿ ವ್ಯಾಸ ಕೇಳಿದರೆ 3.14ರಿಂದ ಭಾಗಿಸಿ 6.4 ಸೆಂಟಿಮೀಟರ್ ಅನ್ನಿ. ಬಿಗಿಯಾದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಬಿಗಿ ಬೆಲ್ಟು ಮೋಟರಿನ ಬುಶ್ ಸವೆಸುತ್ತದೆ, ಮೋಟರು ತಿಣುಕುತ್ತದೆ. ಸ್ಟೇಷನರಿ ಅಂಗಡಿಯ ರಬ್ಬರ್ ಬ್ಯಾಂಡು ಒಂದು ಹಾಡಿಗೂ ಸಮಾ ಓಡುವುದಿಲ್ಲ.

ಬೆಲ್ಟು ಹಾಕಿದ ಮೇಲೆ ವೇಗ. ಕ್ಯಾಸೆಟ್ ಟೇಪಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. 3000 ಹರ್ಟ್ಸ್ ಟೆಸ್ಟ್ ಕ್ಯಾಸೆಟ್ ಇದ್ದರೆ ಫೋನಿನ ಫ್ರೀಕ್ವೆನ್ಸಿ ಆ್ಯಪ್ ಸಾಕು, 3030 ತೋರಿಸಿದರೆ 1 ಶೇಕಡಾ ಜಾಸ್ತಿ ಓಡುತ್ತಿದೆ ಎಂದರ್ಥ. ಇಲ್ಲದಿದ್ದರೆ, ಬೇಡದ ಕ್ಯಾಸೆಟ್ಟಿನ ಟೇಪು ಹೊರಗೆಳೆದು 2 ಮೀಟರ್ 86 ಸೆಂಟಿಮೀಟರ್ ಅಂತರದ ಎರಡು ಕಡೆ ಸಣ್ಣ ಅಯಸ್ಕಾಂತದಿಂದ ಒಂದು ಸೆಂಟಿಮೀಟರಿನಷ್ಟು ಅಳಿಸಿ. ನುಡಿಸಿದಾಗ ಆ ಎರಡು ಕಡೆ ಧ್ವನಿ ಮುಳುಗುತ್ತದೆ, ನಡುವಿನ ಸಮಯ 60 ಸೆಕೆಂಡ್ ಬರಬೇಕು. ಈ ಕೆಲಸ ಸೆಟ್ಟಿನಿಂದ ದೂರ ಕೂತು ಮಾಡಿ, ಹೆಡ್ಡಿನ (ಟೇಪಿನಿಂದ ಧ್ವನಿ ಓದುವ ಭಾಗ) ಹತ್ತಿರ ಅಯಸ್ಕಾಂತ ತರಬಾರದು. ವೇಗದ ತಿರುಪು ಹೆಚ್ಚಾಗಿ ಮೋಟರಿನ ಬೆನ್ನಿನ ತೂತಿನೊಳಗಿದೆ. ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟೇ ತಿರುಗಿಸಿ. ಮೋಟರನ್ನೇ ಬದಲಿಸುವುದಾದರೆ ವೋಲ್ಟೇಜು ಒಂದೇ ಆಗಿದ್ದರೆ ಸಾಲದು, ತಿರುಗುವ ದಿಕ್ಕೂ ಲೇಬಲ್ಲಿನಲ್ಲಿ ಹೊಂದಬೇಕು.

ಟೇಪು ಸಿಕ್ಕಿಹಾಕಿಕೊಳ್ಳುವುದಕ್ಕೆ ಮೂಲ ಹೆಚ್ಚಾಗಿ ಎರಡು: ಅಂಟಾದ ಪಿಂಚ್ ರೋಲರ್ (ಟೇಪನ್ನು ಕ್ಯಾಪ್‌ಸ್ಟನ್ ಎಂಬ ತಿರುಗುವ ಕಡ್ಡಿಗೆ ಒತ್ತುವ ರಬ್ಬರ್ ಗಾಲಿ), ಅಥವಾ ಬಲಗಡೆ ಸುತ್ತುವ ಚಕ್ರದ ಸೋತ ಕ್ಲಚ್. ಬಾಗಿಲು ತೆಗೆದು ಪ್ಲೇ ಒತ್ತಿ, ಬಲ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಡೆಯಿರಿ. ತಡೆ ಸಿಗಬೇಕು, ಮೋಟರ್ ಮಾತ್ರ ನಿಲ್ಲಬಾರದು. ಹೆಡ್ಡು ಮತ್ತು ಉಕ್ಕಿನ ಕ್ಯಾಪ್‌ಸ್ಟನ್ ಕಡ್ಡಿಗೆ ಆಲ್ಕೊಹಾಲ್. ರಬ್ಬರ್ ರೋಲರಿಗೆ ಸಾಬೂನು ನೀರು ಸಾಕು. ಪೆಟ್ರೋಲ್, ಥಿನ್ನರ್ ಎರಡೂ ಬೇಡ.

ಹೆಡ್ಡಿನ ಕೋನ ಸರಿಮಾಡುವುದು ಈ ಕೆಲಸದಲ್ಲೇ ಅತ್ಯಂತ ತೃಪ್ತಿ ಕೊಡುವ ಭಾಗ. ಹೆಡ್ಡಿನ ಎರಡು ಸ್ಕ್ರೂಗಳಲ್ಲಿ ಕೆಳಗೆ ಸ್ಪ್ರಿಂಗ್ ಇರುವುದನ್ನು ಮಾತ್ರ ಮುಟ್ಟಿ. ಟೆಸ್ಟ್ ಕ್ಯಾಸೆಟ್ ಇಲ್ಲದಿದ್ದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲೇ ಇದೆ: ಯಕ್ಷಗಾನದ ಕ್ಯಾಸೆಟ್. ಕಾಳಿಂಗ ನಾವಡರ ಪದ್ಯವಿರುವ ಭಾಗ ಹಾಕಿ, ಕಂಠ ಬಿಟ್ಟು ಭಾಗವತರ ಕೈಯ ತಾಳಕ್ಕೆ ಕಿವಿಗೊಡಿ. ಕೋನ ತಪ್ಪಿದ್ದರೆ ತಾಳ ಮೊಂಡಾಗಿ ‘ತಕ್’ ಅನ್ನುತ್ತದೆ, ಚೆಂಡೆಯ ಅಂಚು ಉದುರಿರುತ್ತದೆ. ಎಂಟನೇ ಒಂದು ಸುತ್ತಿನಷ್ಟು ಹಿಂದೆ-ಮುಂದೆ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಲೋಹದ ಝೇಂಕಾರ ತೆರೆದುಕೊಳ್ಳುತ್ತದೆ. ಮೋನೋ ಸ್ವಿಚ್ಚಿದ್ದರೆ ಅದನ್ನು ಹಾಕಿ ಕೇಳಿ. ಎರಡೂ ಚಾನೆಲ್ ಕೂಡಿದಾಗ ಸರಿಯಾದ ಜಾಗ ಇನ್ನೂ ಸ್ಪಷ್ಟ. ಆಟದ ಬಯಲಿನಲ್ಲಿ ಯಾರೋ ಟೂ ಇನ್ ಒನ್ ಇಟ್ಟು ರೆಕಾರ್ಡ್ ಮಾಡಿದ ಕ್ಯಾಸೆಟ್ ಆ ಸೆಟ್ಟಿನ ಕೋನವನ್ನೇ ಹೊತ್ತಿರುತ್ತದೆ. ಅಂಥವನ್ನು ನಕಲು ಮಾಡುವಾಗ ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಹೊಂದಿಸಬೇಕು.

ಅಂಥ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇರುವುದಿಲ್ಲ. ಆದ್ದರಿಂದ ಸೆಟ್ಟಿಗೆ ಹಾಕುವ ಮುಂಚೆ ಹಿಂದಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಿದರೆ ಹೆಡ್ಡಿಗೂ ಹತ್ತುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಬಿಸಿಲಿನ ದಿನ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕ್ಯಾಸೆಟ್ಟಿನ ಚಿಪ್ಪಿನ ಐದು ಸ್ಕ್ರೂ ಬಿಚ್ಚಿ ಸುರುಳಿಯ ಅಂಚನ್ನು ಒಣ ಮೆತ್ತನೆ ಬ್ರಶ್ಶಿನಿಂದ ಗುಡಿಸಿ. ಆಮೇಲೆ ಒಣ ಹತ್ತಿ ಬಟ್ಟೆಯ ನಡುವೆ ಹಾಯಿಸಿ ಕೈಯಿಂದ ಒಮ್ಮೆ ಪೂರ್ತಿ ಸುತ್ತಿ. ಒದ್ದೆ ಮಾಡಬೇಡಿ, ಟೇಪನ್ನು ಬಿಸಿಲಿಗೆ ಒಡ್ಡಲೂ ಬೇಡಿ. ಬೇರೆ ಒಳ್ಳೆಯ ಚಿಪ್ಪಿಗೆ ವರ್ಗಾಯಿಸುವುದಾದರೆ ಟೇಪನ್ನು ಹೆಡ್ಡಿಗೆ ಒತ್ತುವ ಪಟ್ಟಿಯ ಪುಟ್ಟ ಫೆಲ್ಟು ಅಂಟಿಕೊಂಡಿದೆಯೇ ನೋಡಿ. ಅದು ಬಿದ್ದಿದ್ದರೆ ಧ್ವನಿ ಮಂಕಾಗಿ ಏರಿಳಿಯುತ್ತದೆ.

ಸಿಡಿ ಕಡೆಗೆ ಬಂದರೆ, ಡಿಸ್ಕ್ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ, ವೇಗ ನಿಮಿಷಕ್ಕೆ ಸುಮಾರು 500 ಸುತ್ತಿನಿಂದ 200ಕ್ಕೆ ಇಳಿಯುತ್ತದೆ. ಲಕ್ಷಣ ಓದಲು ಇಷ್ಟು ಗೊತ್ತಿದ್ದರೆ ಸಾಕು. ಮೊದಲ ಹಾಡುಗಳೇ ತಡವರಿಸಿ ಕೊನೆಯವು ಸರಿಯಿದ್ದರೆ ತಿರುಗಿಸುವ ಮೋಟರ್ ದಣಿದಿದೆ. ಮೊದಲಿನವು ಸರಿಯಿದ್ದು ಮುಂದೆ ಹಾರಿದರೆ ಲೆನ್ಸು ಸರಿಯುವ ಕಂಬಿಯಲ್ಲಿ ಗ್ರೀಸು ಗಟ್ಟಿಯಾಗಿದೆ ಅಥವಾ ಹಲ್ಲುಚಕ್ರದಲ್ಲಿ ಕಸ ಕೂತಿದೆ. ಹಳೆಯದನ್ನು ಒರೆಸಿ ಪ್ಲಾಸ್ಟಿಕ್ಕಿಗೆ ಹೊಂದುವ ಬಿಳಿ ಗ್ರೀಸು ಸಾಸಿವೆಯಷ್ಟು ಹಚ್ಚಿ. ಏನೂ ಓದದಿದ್ದರೆ ಮುಚ್ಚಳದ ಸ್ವಿಚ್ಚು ಕೂಡುತ್ತಿದೆಯೇ ನೋಡಿ, ಆಮೇಲೆ ಲೆನ್ಸು. ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಯಾಕೆಂದರೆ ಮರಳಿನ ಅಥವಾ ಉಪ್ಪಿನ ಕಣ ಇದ್ದಾಗ ಒರೆಸಿದರೆ ಪ್ಲಾಸ್ಟಿಕ್ ಲೆನ್ಸಿಗೆ ಗೀರು. ಆಮೇಲೆ ಒಂದೇ ಹನಿ ಆಲ್ಕೊಹಾಲ್ ತಾಗಿಸಿದ ಇಯರ್‌ಬಡ್, ಸ್ವಲ್ಪವೂ ಒತ್ತದೆ. ಏಸಿ ಕಾರಿನಿಂದ ಇಳಿಸಿದ ಸೆಟ್ಟಿನ ಲೆನ್ಸಿಗೆ ಕಡಲ ಗಾಳಿಯಲ್ಲಿ ಮಂಜು ಕಟ್ಟುತ್ತದೆ, ಒಂದು ತಾಸು ಬಿಟ್ಟರೆ ತಾನಾಗಿ ಹೋಗುತ್ತದೆ.

ಲೇಸರ್ 780 ನ್ಯಾನೊಮೀಟರಿನದು, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದಲೇ ನೇರ ಇಣುಕಬಾರದು. ಉರಿಯುತ್ತಿದೆಯೇ ಎಂದು ಫೋನಿನ ಕ್ಯಾಮೆರಾದಲ್ಲಿ ಓರೆಯಾಗಿ ನೋಡಿ. ಅದರ ಬದಿಯ ಪುಟ್ಟ ತಿರುಪು ತಿರುಗಿಸಿ ಶಕ್ತಿ ಹೆಚ್ಚಿಸಿದರೆ ಕೆಲವು ದಿನ ಓದಿ ಪೂರ್ತಿ ಸುಟ್ಟುಹೋಗುತ್ತದೆ. ಅದರ ಬದಲು ಪಿಕಪ್ (ಲೇಸರ್, ಲೆನ್ಸು ಕೂಡಿದ ಇಡೀ ಭಾಗ) ಬದಲಿಸಿ. ಸೋನಿಯ ಕೆಎಸ್‌ಎಸ್-213 ಸಿ ಎಷ್ಟೋ ಕಂಪನಿಗಳ ಸೆಟ್ಟಿನಲ್ಲಿದೆ. ಹೊಸದರಲ್ಲಿ ಸ್ಥಿರವಿದ್ಯುತ್ತಿನಿಂದ ಕಾಪಾಡಲು ಒಂದು ಚುಕ್ಕೆ ಬೆಸುಗೆ ಹಾಕಿರುತ್ತಾರೆ. ಚಪ್ಪಟೆ ಕೇಬಲ್ ಚುಚ್ಚಿದ ಮೇಲೆ ಆ ಚುಕ್ಕೆಯನ್ನು ಅರ್ತ್ ಇರುವ ಸೋಲ್ಡರಿಂಗ್ ಐರನ್ನಿನಿಂದ ತೆಗೆಯಬೇಕು, ತೆಗೆಯದಿದ್ದರೆ ಹೊಸ ಪಿಕಪ್ಪೂ ಸತ್ತಂತೆಯೇ ಕೂತಿರುತ್ತದೆ.