ಚಳಿಗೆ ಮುಂಚೆ ತಾರಸಿಯ ಮೇಲೆ ಒಂದು ಭಾನುವಾರ

ಡಿಸೆಂಬರ್ ಬಂತೆಂದರೆ ಚಿತ್ರದುರ್ಗದ ಮನೆಗಳಲ್ಲಿ ಒಂದೇ ದೂರು: ಸೋಲಾರ್ ನೀರು ಕಾಯ್ತಿಲ್ಲ. ಬೈಗುಳವೆಲ್ಲ ಬಿಸಿಲಿಗೆ. ಹಿಂಗಾರು ಮುಗಿದ ಮೇಲೆ ಇಲ್ಲಿ ಮೋಡವೇ ಅಪರೂಪ, ಬಿಸಿಲಿನದೇನೂ ತಪ್ಪಿಲ್ಲ. ತಪ್ಪಿರುವುದು ತಾರಸಿಯಲ್ಲಿ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅಲ್ಲಿನ ಸೋಲಾರ್ ಹೀಟರ್ ತೊಳೆದು ಸರಿಪಡಿಸಲು ಮೀಸಲಿಡಬೇಕು.

ಕೆಲಸ ಬಿಸಿಲೇರುವ ಮೊದಲೇ ಶುರುವಾಗಲಿ. ಬಿಸಿಲಲ್ಲಿ ಖಾಲಿ ನಿಂತ ಗಾಜಿನ ಟ್ಯೂಬಿಗೆ ತಣ್ಣೀರು ಬಿದ್ದರೆ ಟಪ್ಪನೆ ಸೀಳುತ್ತದೆ. ಹಿಂದಿನ ರಾತ್ರಿಯೇ ಬಿಸಿನೀರು ಬಳಸಿ ಮುಗಿಸಿದರೆ ಬೆಳಿಗ್ಗೆ ಕೈ ಸುಡುವುದಿಲ್ಲ. ಟ್ಯಾಂಕಿನೊಳಗೆ ಕರೆಂಟಿನಿಂದ ನೀರು ಕಾಯಿಸುವ ಕಾಯಿಲ್‌ನ ಸ್ವಿಚ್ ಆರಿಸಿ, ತಣ್ಣೀರಿನ ಗೇಟ್ ವಾಲ್ವ್ ಮುಚ್ಚಿ, ಡ್ರೈನ್ ಬಿಚ್ಚಿ ಟ್ಯಾಂಕು ಖಾಲಿ ಮಾಡಿ. ಟ್ಯಾಂಕಿಗೆ ಗಾಳಿಯಾಡಲು ಇರುವ ಏರ್ ವೆಂಟ್ ಪೈಪಿನಲ್ಲಿ ಕಣಜ ಗೂಡು ಕಟ್ಟಿದೆಯೇ ಅಂತಲೂ ಇಣುಕಿ. ಅದು ಮುಚ್ಚಿಕೊಂಡರೆ ನೀರು ಇಳಿಯುವಾಗ ಟ್ಯಾಂಕಿನ ತಗಡು ಒಳಕ್ಕೆ ಕುಸಿಯಬಹುದು.

ಟ್ಯೂಬುಗಳಲ್ಲಿ ಮಾತ್ರ ನೀರು ಉಳಿದೇ ಇರುತ್ತದೆ, 1800 ಮಿಲಿಮೀಟರ್ ಉದ್ದದ ಒಂದೊಂದರಲ್ಲೂ ಎರಡೂವರೆ ಲೀಟರಿಗೆ ಕಡಿಮೆಯಿಲ್ಲ. ಕೆಳಗಿನ ಕಪ್ ಸಡಿಲಿಸಿ, ತಿರುಗಿಸುತ್ತ ಎಳೆಯಬೇಕು, ಇಬ್ಬರಿದ್ದರೆ ವಾಸಿ. ಬೋರ್‌ವೆಲ್ ನೀರಿನ ಮನೆಯಾದರೆ ತಳದಲ್ಲಿ ಬಿಳಿ ಹೆಂಟೆ, ಕೆಸರು. ಒಂದು ಟ್ಯೂಬಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಉಗುರುಬೆಚ್ಚನೆಯ ನೀರಲ್ಲಿ ಕರಗಿಸಿ ತುಂಬಿ ಎರಡು ಗಂಟೆ ಬಿಡಿ. ನೊರೆ ಬರುತ್ತಿರುವಷ್ಟು ಕಾಲ ಅದೇ ನೀರನ್ನು ಮುಂದಿನ ಟ್ಯೂಬಿಗೆ ಸುರಿಯಬಹುದು. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ: ಅದರ ಕ್ಲೋರೈಡ್ ಸ್ಟೀಲ್ ಟ್ಯಾಂಕಿಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ, ಆಮೇಲೆ ಟ್ಯಾಂಕೇ ಬದಲಾಗಬೇಕು. ಕೊನೆಯ ಜಾಲಾಟಕ್ಕೆ ಶಾಂತಿಸಾಗರ ಕೆರೆಯ ನಲ್ಲಿ ನೀರು ಬಂದ ದಿನವಾದರೆ ಒಳ್ಳೆಯದು.

ತೊಳೆಯುವಾಗಲೇ ಟ್ಯೂಬಿನ ಮುಚ್ಚಿದ ತುದಿ ನೋಡಿ. ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಸರಿ, ಹಾಲಿನಂತೆ ಬೆಳ್ಳಗಾಗಿದ್ದರೆ ಎರಡು ಗಾಜಿನ ನಡುವಿನ ನಿರ್ವಾತ ಹೋಗಿದೆ ಎಂದರ್ಥ. ಅಂಥದ್ದು ಹಗಲು ಕಾದದ್ದನ್ನು ರಾತ್ರಿ ಚಳಿಗೆ ಕೊಟ್ಟುಬಿಡುತ್ತದೆ. ಎಸೆದು ಹೊಸದು ಹಾಕಿ. ಟ್ಯೂಬು ಟ್ಯಾಂಕಿಗೆ ಸೇರುವಲ್ಲಿನ ಬಿರುಕು ಬಿಟ್ಟ ಸಿಲಿಕಾನ್ ವಾಷರ್‌ಗಳನ್ನೂ ಬದಲಿಸಿ, ಸೋಪಿನ ನೀರು ಸವರಿ ಕೂರಿಸಿ. ಒಣಗಿದ್ದನ್ನು ಒತ್ತಿದರೆ ವಾಷರ್ ಮಡಿಚಿಕೊಂಡು ವಾರದೊಳಗೆ ಸೋರುತ್ತದೆ.

ಇನ್ನು ನೆರಳು. ಮೇ ತಿಂಗಳಲ್ಲಿ ಪ್ಯಾನೆಲ್, ಅಂದರೆ ಈ ಟ್ಯೂಬುಗಳ ಸಾಲು, ಹಾಕಿಸಿದವರಿಗೆ ಇದು ಹೊಳೆದಿರುವುದಿಲ್ಲ. ಆಗ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ. ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ವಾಲಿ 52 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಪ್ಯಾನೆಲ್ಲಿನ ದಕ್ಷಿಣಕ್ಕೆ ನಾಲ್ಕಡಿ ಎತ್ತರದ ನೀರಿನ ಟ್ಯಾಂಕಿದ್ದರೆ ಮಧ್ಯಾಹ್ನವೇ ಮೂರಡಿ ನೆರಳು, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಟ್ಯಾಂಕು ಸರಿಸಲಾಗದಿದ್ದರೆ ಪ್ಯಾನೆಲ್ಲನ್ನೇ ಜರುಗಿಸಬೇಕು. ಪಕ್ಕದ ಮನೆಯ ತೆಂಗಿನ ಮರಕ್ಕೆ ಉಪಾಯವಿಲ್ಲ.

ಪೈಪಿನ ಲೆಕ್ಕವನ್ನು ಜನ ಮರೆಯುತ್ತಾರೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಬಚ್ಚಲು 15 ಮೀಟರ್ ದೂರವಿದ್ದರೆ ಹೆಚ್ಚುಕಡಿಮೆ ನಾಲ್ಕು ಲೀಟರ್ ತಣ್ಣೀರು ಹರಿದ ಮೇಲೇ ಬಿಸಿನೀರು ಬರುತ್ತದೆ. ಪೈಪಿನಲ್ಲಿನ ನೀರು ಬೇಗ ಆರದಂತೆ ಕಪ್ಪು ಫೋಮ್ ಹೊದಿಸಿ, ಬಿಸಿಲಿಗೆ ಪುಡಿಯಾಗದಂತೆ ಮೇಲೆ ಟೇಪು ಸುತ್ತಿ.

ಇಷ್ಟಾದರೂ ಮೋಡದ ದಿನ ಕಾಯಿಲ್ ಬೇಕೇ ಬೇಕು. 100 ಲೀಟರ್ ನೀರು 20 ಡಿಗ್ರಿ ಏರಲು ಎರಡೂಕಾಲು ಯೂನಿಟ್ಟಿಗೆ ತುಸು ಮೇಲೆ ಕರೆಂಟು ಬೇಕು. 2 ಕಿಲೋವ್ಯಾಟ್ ಕಾಯಿಲ್‌ಗೆ ಒಂದೂಕಾಲು ಗಂಟೆಯ ಕೆಲಸ. ಆರಕ್ಕೆ ಸ್ನಾನವಾದರೆ ನಾಲ್ಕೂಮುಕ್ಕಾಲಿಗೆ ಹಾಕಿ. ರಾತ್ರಿಯೆಲ್ಲ ಹಾಕಿ ಮಲಗುವುದು ದಂಡ.