ಬಾಯಿ ಬಿಡಿಸುವ ಪ್ರಶ್ನೆ

‘ದಿ ಪ್ರಿಸನರ್’ ಅನ್ನುವ ಹಳೇ ಟೀವಿ ಧಾರಾವಾಹಿ ಅಂದರೆ ನನಗೆ ಜೀವ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ: ‘ಅದಿರಲಿ, ಅದರ ನಾಯಕ ರಾಜೀನಾಮೆ ಕೊಟ್ಟಿದ್ದು ಯಾಕೆ, ಅಷ್ಟು ಹೇಳಿಬಿಡು.’ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಬೇಡಿ.

ಧಾರಾವಾಹಿ ಅದನ್ನು ಬಿಡಿಸಿ ಹೇಳುವುದೇ ಇಲ್ಲ.

ನೋಡದವರಿಗಾಗಿ: 1967ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು, ಒಟ್ಟು 17 ಕಂತು. ಗೂಢಚಾರನೊಬ್ಬ ಕೆಲಸ ಬಿಟ್ಟು ಮನೆಗೆ ಬಂದು ಪೆಟ್ಟಿಗೆ ಕಟ್ಟುತ್ತಿರುವಾಗ ಬೀಗದ ಕಿಂಡಿಯಿಂದ ಹೊಗೆ ನುಗ್ಗುತ್ತದೆ. ಎಚ್ಚರವಾದಾಗ ಕಿಟಕಿಯಾಚೆ ಬೇರೆಯೇ ಊರು. ಅಲ್ಲಿ ಯಾರಿಗೂ ಹೆಸರಿಲ್ಲ, ಇವನು ನಂಬರ್ 6. ತಪ್ಪಿಸಿಕೊಳ್ಳಲು ಹೋದರೆ ದೊಡ್ಡ ಬಿಳಿ ಬಲೂನು ಉರುಳಿ ಬಂದು ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಊರು ನಡೆಸುವ ನಂಬರ್ 2 ಮೇಲಿಂದ ಮೇಲೆ ಬದಲಾಗುತ್ತಾನೆ. ಬದಲಾಗದ್ದು ಅವನ ಪ್ರಶ್ನೆ: ಯಾಕೆ ರಾಜೀನಾಮೆ ಕೊಟ್ಟೆ?

ನೀವು ಕೇಳುತ್ತಿರುವುದೂ ಅದನ್ನೇ. ನನಗೆ ಸಿಟ್ಟು ಬರುವುದು ಅದಕ್ಕೇ.

ಒಮ್ಮೆ ಚಿಕ್ಕಪ್ಪನ ಜೊತೆ ‘ದಿ ಚೈಮ್ಸ್ ಆಫ್ ಬಿಗ್ ಬೆನ್’ ಕಂತು ನೋಡುತ್ತಿದ್ದೆ. ನಂಬರ್ 6 ಹೇಗೋ ತಪ್ಪಿಸಿಕೊಂಡು ಲಂಡನ್ನಿನ ಹಳೇ ಆಫೀಸಿಗೆ ಬಂದಿದ್ದಾನೆ. ಮೇಲಧಿಕಾರಿ ಕೇಳುತ್ತಾನೆ, ಇವನು ಹೇಳಲು ಬಾಯಿ ತೆರೆಯುತ್ತಾನೆ. ಚಿಕ್ಕಪ್ಪ ಕುರ್ಚಿಯ ತುದಿಗೆ ಬಂದು, ‘ಹೇಳೋ ಮಾರಾಯ, ಹೇಳು!’ ಅಂದರು. ಅಷ್ಟರಲ್ಲಿ ಬಿಗ್ ಬೆನ್ ಎಂಟು ಹೊಡೆಯಿತು. ಅವನು ಕೈಗಡಿಯಾರ ನೋಡಿಕೊಂಡ. ಅಲ್ಲೂ ಎಂಟೇ. ಆ ಗಡಿಯಾರ ಪೋಲೆಂಡಿನವನೊಬ್ಬ ದಾರಿಯಲ್ಲಿ ಕೊಟ್ಟದ್ದು, ಅಲ್ಲಿನ ಹೊತ್ತಿಗೆ ಲಂಡನ್ನಿಗಿಂತ ಒಂದು ಗಂಟೆ ಮುಂದಿರಬೇಕಿತ್ತು. ಗೋಡೆಯ ವೈರು ಕಿತ್ತ. ಕಿಟಕಿಯಾಚೆಯ ಲಂಡನ್ನಿನ ಗಲಾಟೆ ತಟ್ಟನೆ ನಿಂತಿತು, ಅದು ಬರೀ ಟೇಪು. ಬಾಗಿಲು ತೆಗೆದರೆ ಮತ್ತೆ ಅದೇ ಊರು.

‘ಛೇ, ಹೇಳೇಬಿಡುತ್ತಿದ್ದ’ ಅಂತ ಚಿಕ್ಕಪ್ಪ ಕೈ ಕೈ ಹಿಸುಕಿಕೊಂಡರು. ಹೇಳಿದ್ದರೆ ಅವನ ಕಥೆ ಮುಗಿಯುತ್ತಿತ್ತು ಚಿಕ್ಕಪ್ಪ! ಅವನ ಹತ್ತಿರ ಸ್ವಂತದ್ದು ಅಂತ ಉಳಿದಿದ್ದು ಅದೊಂದೇ. ಹೆಸರು ಹೋಯಿತು, ಮನೆ ಹೋಯಿತು. ಆ ಕಾರಣ ದೊಡ್ಡದೋ ಚಿಕ್ಕದೋ, ಕೊಡುವುದು ಬಿಡುವುದು ಅವನ ಇಷ್ಟ.

ಕೇಳಲೇಬೇಕು ಅನ್ನುವವರು ಆ ಊರಿನ ಉಳಿದವರ ಬಗ್ಗೆ ಕೇಳಿ. ಊರಿನ ಚಿತ್ರೀಕರಣ ನಡೆದದ್ದು ವೇಲ್ಸಿನ ಪೋರ್ಟ್‌ಮೆರಿಯನ್‌ನಲ್ಲಿ. ಬಣ್ಣ ಬಣ್ಣದ ಮನೆ, ಪಟ್ಟೆ ಪಟ್ಟೆ ಕೊಡೆ, ಬ್ಯಾಂಡು, ಹೊತ್ತು ಹೊತ್ತಿಗೆ ಊಟ, ಯಾವುದಕ್ಕೂ ಕೊರತೆಯಿಲ್ಲ. ನಾಯಕ ಪ್ಯಾಟ್ರಿಕ್ ಮೆಕ್‌ಗೂಹನ್ನನೇ ಬರೆದು ನಿರ್ದೇಶಿಸಿದ ‘ಫ್ರೀ ಫಾರ್ ಆಲ್’ ಕಂತಿನಲ್ಲಿ ನಂಬರ್ 6 ಚುನಾವಣೆಗೆ ನಿಲ್ಲುತ್ತಾನೆ. ನಿಲ್ಲುತ್ತೇನೆ ಅಂದ ಮರುಕ್ಷಣ ಅವನದೇ ಮುಖದ ಫಲಕಗಳು ಜನರ ಕೈಯಲ್ಲಿ ಮೇಲೇಳುತ್ತವೆ. ಮೊದಲೇ ಮಾಡಿಟ್ಟದ್ದು! ನೋಡಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಗೆದ್ದ ಮೇಲೆ ಅವನು ಧ್ವನಿವರ್ಧಕದಲ್ಲಿ, ನಿಮಗೆ ಬಿಡುಗಡೆಯಾಗಿದೆ, ಹೋಗಿ ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾನೆ.

ಒಬ್ಬರೂ ಹೋಗಲಿಲ್ಲ. ಅವರು ಯಾಕೆ ಹೋಗಲಿಲ್ಲ ಅಂತ ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿಲ್ಲ.